ಡಾಕ್ಟರಲ್ಲದವರ ಕೈಗೆ ಚಾಕು ಕೊಟ್ಟ ಡಾಕ್ಟರು

ಮಗು ಅಡ್ಡಡ್ಡ ತಿರುಗಿ ಹೆರಿಗೆ ನಿಂತುಹೋದರೆ ತಾಯಿಗೆ ಉಳಿಯುವ ದಾರಿ ಆಪರೇಷನ್ ಒಂದೇ. 1980ರ ದಶಕದ ಮೊಜಾಂಬಿಕ್‌ನಲ್ಲಿ, ರಾಜಧಾನಿ ಮಾಪುಟೊದಿಂದ ದೂರವಿದ್ದ ಜಿಲ್ಲೆಗಳಲ್ಲಿ, ಅದನ್ನು ಮಾಡಬಲ್ಲವರು ಸಿಗುವುದೇ ಅಪರೂಪ. ಆಗಿನ ಆರೋಗ್ಯ ಮಂತ್ರಿ ಪಾಸ್ಕ್ವಾಲ್ ಮೊಕುಂಬಿ ಸ್ವತಃ ಡಾಕ್ಟರು. ಸ್ವಾತಂತ್ರ್ಯ ಹೋರಾಟದ ಫ್ರೆಲಿಮೊ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರು, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ವೈದ್ಯಕೀಯ ಓದಿದವರು. ತಮ್ಮ ವೃತ್ತಿ ಅತ್ಯಂತ ಜೋಪಾನವಾಗಿ ಕಾಯ್ದುಕೊಳ್ಳುವ ಹಕ್ಕನ್ನೇ ಅವರು ಬೇರೆಯವರಿಗೆ ಹಂಚಿದರು.

ಹಾಗೆ ಮಾಡಬೇಕಾಗಿ ಬಂದದ್ದೇಕೆ? 1975ರ ಜೂನ್ 25ರಂದು ದೇಶ ಸ್ವತಂತ್ರವಾದಾಗ ಪೋರ್ಚುಗೀಸರು ಗುಂಪುಗುಂಪಾಗಿ ಹೊರಟರು. ಸುಮಾರು 500 ಇದ್ದ ಡಾಕ್ಟರುಗಳ ಸಂಖ್ಯೆ ನೂರಕ್ಕಿಂತ ಕೆಳಗಿಳಿಯಿತು. ಒಂದು ಕಾಲಕ್ಕೆ ನರ್ಸ್ ಆಗಿದ್ದ ಅಧ್ಯಕ್ಷ ಸಮೋರಾ ಮಶೆಲ್ ಜುಲೈ 24ರಂದೇ ಆರೋಗ್ಯ ಸೇವೆಯನ್ನು ರಾಷ್ಟ್ರೀಕರಿಸಿದರು; ಖಾಸಗಿ ವೈದ್ಯಕೀಯಕ್ಕೆ ಬಾಗಿಲು ಮುಚ್ಚಿತು. ಬಡವರ ಪಾಲಿಗೆ ಅದು ನ್ಯಾಯವೇ. ಆದರೆ ಒಂದೇ ತಿಂಗಳಲ್ಲಿ ಎಲ್ಲವನ್ನೂ ಮುಗಿಸುವ ಆತುರ, ಉಳಿಯಬಹುದಾಗಿದ್ದ ವೈದ್ಯರನ್ನೂ ಉಳಿಸಿಕೊಳ್ಳುವ ದಾರಿಯನ್ನು ಕಿರಿದು ಮಾಡಿತು. ಮೊದಲ ಆರೋಗ್ಯ ಮಂತ್ರಿ, ಅವರೂ ಡಾಕ್ಟರೇ, ಹೆಲ್ಡರ್ ಮಾರ್ಟಿನ್ಸ್ ದೇಶದುದ್ದಕ್ಕೂ ಲಸಿಕೆ ಹಾಕಿಸಿದರು, ಅಗತ್ಯ ಔಷಧಗಳ ಚಿಕ್ಕ ಪಟ್ಟಿ ಮಾಡಿಸಿದರು. ಆದರೆ ಸಿಸೇರಿಯನ್ ಮಾಡುವ ಕೈ ಪಟ್ಟಿಯಿಂದ ಬರುವುದಿಲ್ಲ.

1984ರಲ್ಲಿ ಮೊಕುಂಬಿಯವರ ಇಲಾಖೆ ಅನುಭವಿ ನರ್ಸ್‌ಗಳನ್ನೂ ವೈದ್ಯಕೀಯ ಸಹಾಯಕರನ್ನೂ ಆರಿಸಿ ಮೂರು ವರ್ಷದ ತರಬೇತಿ ಶುರುಮಾಡಿತು. ಎರಡು ವರ್ಷ ಮಾಪುಟೊದ ದೊಡ್ಡಾಸ್ಪತ್ರೆಯಲ್ಲಿ, ಒಂದು ವರ್ಷ ಪ್ರಾಂತ್ಯದ ಆಸ್ಪತ್ರೆಯಲ್ಲಿ. ಹೊರಬಂದವರಿಗೆ 'ತೆಕ್ನಿಕೊ ದೆ ಸಿರುರ್ಜಿಯಾ' ಎಂಬ ಹೆಸರು. ಶಸ್ತ್ರಚಿಕಿತ್ಸಾ ತಂತ್ರಜ್ಞ ಎಂದರ್ಥ. ಆಗ ರೆನಾಮೊ ಬಂಡುಕೋರರ ಯುದ್ಧ ಉರಿಯುತ್ತಿತ್ತು. ಆರೋಗ್ಯ ಕೇಂದ್ರಗಳನ್ನೇ ಹುಡುಕಿ ಸುಡುತ್ತಿದ್ದ ಕಾಲ ಅದು. ಗುಂಡೇಟಿನ ಗಾಯ ಹೊಲಿಯುವುದಕ್ಕೂ ಸಿಕ್ಕವರು ಇವರೇ.

ಇದು ಬಡವರಿಗೆ ಎರಡನೇ ದರ್ಜೆಯ ಸರ್ಜನ್‌ಗಳನ್ನು ಕೊಟ್ಟಂತಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾಪುಟೊದ ಆಸ್ಪತ್ರೆಯ 2,071 ಸಿಸೇರಿಯನ್‌ಗಳನ್ನು ಹೋಲಿಸಿತು: 958 ತಂತ್ರಜ್ಞರು ಮಾಡಿದ್ದು, 1,113 ಪ್ರಸೂತಿ ತಜ್ಞರು ಮಾಡಿದ್ದು. ತಂತ್ರಜ್ಞರ ಕಡೆ ಮೇಲ್ಪದರದ ಹೊಲಿಗೆ ಬಿಟ್ಟುಕೊಂಡದ್ದು ತುಸು ಹೆಚ್ಚು, ಉಳಿದಂತೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಅದು ರಾಜಧಾನಿಯ ಆಸ್ಪತ್ರೆ; ತೊಡಕಾದರೆ ಕೂಗಳತೆಯಲ್ಲಿ ತಜ್ಞರಿದ್ದಾರೆ. ದೂರದ ಜಿಲ್ಲೆಯಲ್ಲಿ ಒಬ್ಬಂಟಿಯಾಗಿ ನಿಂತವರ ಕೆಲಸಕ್ಕೆ ಆ ಅಂಕಿ ಪೂರ್ತಿ ಸಾಕ್ಷಿಯಾಗಲಾರದು.

ಮೊಕುಂಬಿಯವರ ನಿರ್ಧಾರ ಸರಿ ಎನ್ನಿಸುವುದು ಇನ್ನೊಂದು ಲೆಕ್ಕದಿಂದ. 2002ರಲ್ಲಿ ಜಿಲ್ಲಾ ಆಸ್ಪತ್ರೆಗಳ ದೊಡ್ಡ ಪ್ರಸೂತಿ ಶಸ್ತ್ರಚಿಕಿತ್ಸೆಗಳಲ್ಲಿ ಶೇ. 92ರಷ್ಟು ಮಾಡಿದವರು ಇವರೇ. ಜಿಲ್ಲೆಗೆ ಹೋಗಿ ಏಳು ವರ್ಷವಾದ ಮೇಲೂ ಇವರಲ್ಲಿ ಶೇ. 88 ಮಂದಿ ಅಲ್ಲೇ ಇದ್ದರು. ಅದೇ ಅವಧಿಯಲ್ಲಿ ಜಿಲ್ಲೆಗೆ ಹೋದ ಡಾಕ್ಟರುಗಳಲ್ಲಿ ಉಳಿದವರು ಒಬ್ಬರೂ ಇಲ್ಲ.

ಹೀಗಾಗಿ ಹೋಲಿಕೆ ನಡೆಯಬೇಕಾದದ್ದು ತಜ್ಞ ಮತ್ತು ತಂತ್ರಜ್ಞರ ನಡುವೆ ಅಲ್ಲ. ತಂತ್ರಜ್ಞ ಮತ್ತು ಖಾಲಿ ಥಿಯೇಟರಿನ ನಡುವೆ.

ಎಡವಿದ್ದು ಅನಂತರ. ಯುದ್ಧಕಾಲಕ್ಕೆಂದು ಹುಟ್ಟಿದ ಈ ವರ್ಗ ಶಾಂತಿ ಬಂದ ಮೇಲೂ ದೇಶದ ಆಧಾರವಾಗಿಯೇ ಉಳಿಯಿತು. ಸಂಬಳ, ಸ್ಥಾನಮಾನ ಮಾತ್ರ ಅದಕ್ಕೆ ತಕ್ಕಂತೆ ಏರಲಿಲ್ಲ. ಮೊಕುಂಬಿ 1994ರಿಂದ 2004ರವರೆಗೆ ಪ್ರಧಾನಿಯಾಗಿದ್ದರು. ಅವರು ಇಳಿದು ಮೂರು ವರ್ಷವಾದ ಮೇಲೆ, 2007ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲೂ ಅದೇ ದೂರು ದಾಖಲಾಗಿದೆ: ಕೆಲಸಕ್ಕೆ ತಕ್ಕ ಸಂಬಳವಿಲ್ಲ, ಮನ್ನಣೆಯಿಲ್ಲ.