ಮೂಲ ಕೇಳಬಾರದ ನಾಡಿಗೆ ಮೂಲ ಹುಡುಕಿ ಬಂದವರು

ಘಾನಾದ ಕೇಪ್ ಕೋಸ್ಟ್ ಕೋಟೆಯಲ್ಲಿ ಗಂಡಸರ ನೆಲಮಾಳಿಗೆಗೆ ಇಳಿಜಾರಿನ ದಾರಿಯಲ್ಲಿ ಇಳಿಯಬೇಕು. ಗುಂಪೆಲ್ಲ ಒಳಗೆ ಸೇರಿದ ಮೇಲೆ ಗೈಡ್ ಸ್ವಿಚ್ಚು ಒತ್ತಿ ಬಲ್ಬು ಆರಿಸುತ್ತಾನೆ. ಗೋಡೆಯ ಎತ್ತರದಲ್ಲೊಂದು ಕಿಂಡಿ, ಅಷ್ಟೇ ಬೆಳಕು. ಸ್ವಲ್ಪ ಹೊತ್ತಿಗೆ ಯಾರದೋ ಬಿಕ್ಕು ಕೇಳುತ್ತದೆ. ಮತ್ತೆ ಬಲ್ಬು ಹತ್ತಿದಾಗ ಅವನು ಗೋಡೆಯ ಮೇಲೆ ಒಂದು ಮಟ್ಟವನ್ನು ಬೆರಳಿಟ್ಟು ತೋರಿಸುತ್ತಾನೆ: ಮಲ, ಮೂತ್ರ, ರಕ್ತ, ವಾಂತಿ ಎಲ್ಲ ಗಟ್ಟಿಯಾಗಿ ನೆಲ ಇಲ್ಲಿಯವರೆಗೆ ಏರಿತ್ತು, ಆಮೇಲೆ ಅಗೆದು ತೆಗೆದರು. ಇದೇ ನೆಲಮಾಳಿಗೆಯ ಮೇಲೆ ಇಂಗ್ಲಿಷರ ಪ್ರಾರ್ಥನಾಮಂದಿರವಿತ್ತು ಎಂಬುದನ್ನೂ ಅವನು ಹೇಳುತ್ತಾನೆ. ದನಿ ಏರಿಸಬೇಕಾದ ಅಗತ್ಯ ಅವನಿಗಿಲ್ಲ.

ಪಶ್ಚಿಮ ಆಫ್ರಿಕಾದ ಗುಲಾಮ ವ್ಯಾಪಾರದ ತಾಣಗಳಿಗೆ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಪ್ಪು ಜನ ಕೈಗೊಳ್ಳುವ ಯಾತ್ರೆಯಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುವ ಗಳಿಗೆ ಈ ಕತ್ತಲೆಯದು. ಅಲ್ಲಿ ಯಾರೂ ಯಾರಿಗೂ ಏನನ್ನೂ ಮಾರುತ್ತಿರುವುದಿಲ್ಲ. ನನ್ನ ತಕರಾರು ಶುರುವಾಗುವುದು ಕೋಟೆಯಿಂದ ಕಡಲಿಗೆ ತೆರೆಯುವ ಬಾಗಿಲ ಬಳಿ.

'ಮರಳಿ ಬಾರದ ಬಾಗಿಲು' ಎಂದು ಅದಕ್ಕೆ ಹೆಸರು. ಅದನ್ನು ದಾಟಿ ಹೊರಗೆ ಕಾಲಿಟ್ಟು ತಿರುಗಿ ನೋಡಿದರೆ ಸಮುದ್ರದ ಕಡೆಯ ಮುಖದಲ್ಲಿ ಇನ್ನೊಂದು ಹಲಗೆ: 'ಮರಳುವ ಬಾಗಿಲು'. 1998ರಲ್ಲಿ ಜಮೈಕಾದಿಂದ ಒಬ್ಬಳ, ಅಮೆರಿಕದಿಂದ ಒಬ್ಬನ, ಹೀಗೆ ಇಬ್ಬರು ಗುಲಾಮರ ಅಸ್ಥಿಗಳನ್ನು ತಂದು, ಕಡಲಿನ ಕಡೆಯಿಂದ ಈ ಬಾಗಿಲೊಳಗೆ ಹಾಯಿಸಿ, ಒಳನಾಡಿನ ಅಸಿನ್ ಮಾನ್ಸೊದಲ್ಲಿ ಮಣ್ಣು ಮಾಡಿದರು. ಸತ್ತವರು ಊರು ಸೇರಿದ ಆ ದಿನಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅದನ್ನೇ ದಿನಕ್ಕೆ ಹತ್ತು ಗುಂಪಿಗೆ ಹಲಗೆ ಹಾಕಿ ಹಂಚಿದರೆ? ಹೊರಗೆ ಹೆಜ್ಜೆ, ಒಳಗೆ ಹೆಜ್ಜೆ, ನಡುವೆ ನಾನೂರು ವರ್ಷ. ದುಃಖಕ್ಕೆ ಅಷ್ಟು ಬೇಗ ತೀರ್ಥ ಕೊಟ್ಟು ಕಳಿಸಬಾರದು.

ಈ ಬಾಗಿಲುಗಳೆಲ್ಲ ಒಂದೇ ಜಾತಿಯವೂ ಅಲ್ಲ. ಬೆನಿನ್ ದೇಶದ ವಿದಾ ಕಡಲತೀರದಲ್ಲಿರುವ ಭಾರಿ ಕಮಾನು 1990ರ ದಶಕದಲ್ಲಿ ಕಟ್ಟಿದ ಸ್ಮಾರಕ. ಅದು ಸ್ಮಾರಕ ಎಂದೇ ನಿಂತಿದೆ, ಮೋಸವಿಲ್ಲ. ಸೆನೆಗಲ್‌ನ ಗೋರೆ ದ್ವೀಪದ ಕತೆ ಬೇರೆ. ಅಲ್ಲಿನ 'ಗುಲಾಮರ ಮನೆ' ಹದಿನೆಂಟನೇ ಶತಮಾನದ ಕೊನೆಯ ಭಾಗದ ಕಟ್ಟಡ. ಅದರ ಮೇಲ್ವಿಚಾರಕರಾಗಿದ್ದ ಬೂಬಕರ್ ಜೋಸೆಫ್ ನ್ಡಿಯಾಯ್ ದಶಕಗಳ ಕಾಲ, ಕಡಲಿಗೆ ತೆರೆಯುವ ಆ ಪುಟ್ಟ ಬಾಗಿಲಿನಿಂದ ಲಕ್ಷಾಂತರ ಜನ ಹೋದರೆಂದು ಹೇಳುತ್ತ ಬಂದರು. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಆಮೇಲೆ ಕ್ಲಿಂಟನ್, ಬುಷ್, ಒಬಾಮಾ ಬಂದರು. ಫಿಲಿಪ್ ಕರ್ಟಿನ್‌ರಂಥ ಇತಿಹಾಸಕಾರರು ಮಾತ್ರ ಒಪ್ಪಲಿಲ್ಲ: ಬಾಗಿಲ ಮುಂದೆ ಬರೀ ಬಂಡೆ, ಅಲ್ಲಿ ಹಡಗು ನಿಲ್ಲುವುದೆಲ್ಲಿ, ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದ ಸುಮಾರು 1.25 ಕೋಟಿ ಜನರಲ್ಲಿ ಗೋರೆಯ ಪಾಲು ಬಹಳ ಸಣ್ಣದು. ಆಗ ಎದ್ದ ಗದ್ದಲದಲ್ಲಿ, ಲೆಕ್ಕ ಕೇಳುವುದೇ ಅಪರಾಧವೆಂಬಂತೆ ಕೆಲವರು ಮಾತಾಡಿದರು. ನನಗನ್ನಿಸುವುದು ತಿರುಗಾ ಮುರುಗಾ. ಸಂಖ್ಯೆ ಉಬ್ಬಿಸಿದರೆ ಮಾತ್ರ ಅಳು ಬರುತ್ತದೆಂದು ನಂಬಿದವರೇ ಅಳುವವರನ್ನು ಕಡಿಮೆ ಅಂದಾಜು ಮಾಡಿದವರು. ನೂರು ಜನ ಹೋಗಿದ್ದರೂ ಆ ಮನೆ ಆ ಮನೆಯೇ.

ಕೇಪ್ ಕೋಸ್ಟ್‌ಗೆ ಪಶ್ಚಿಮಕ್ಕಿರುವ ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಿದರು. 1637ರಲ್ಲಿ ಡಚ್ಚರು ಕಿತ್ತುಕೊಂಡರು, 1872ರಲ್ಲಿ ಬ್ರಿಟಿಷರಿಗೆ ಒಪ್ಪಿಸಿದರು. ಇಲ್ಲಿ ಬಂದವರಿಗೆಲ್ಲ ಕೋಟೆ ಒಂದೇ ಕತೆ ಹೇಳುವುದಿಲ್ಲ. ಡಚ್ಚರು ತಮ್ಮವರ ಗೋರಿ ನೋಡಲು ಬರುತ್ತಾರೆ. ಘಾನಾದ ಅಸಾಂತೆ ಜನರಿಗೆ ಇದು 1896ರಲ್ಲಿ ತಮ್ಮ ಅರಸ ಪ್ರೆಂಪೆಯನ್ನು ಬ್ರಿಟಿಷರು ಕೂಡಿಹಾಕಿದ ಜಾಗ. ಆ ಅರಸನನ್ನು ಇಲ್ಲಿಂದ ಸಿಯೆರಾ ಲಿಯೋನಿಗೆ, ಅಲ್ಲಿಂದ ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಅಮೆರಿಕದಿಂದ ಬಂದವಳು ನೋಡುವುದು ಸೆರೆಯಾದ ಹೆಂಗಸರ ಅಂಗಳವನ್ನು ಮತ್ತು ಅದರ ಮೇಲಿನ ಗವರ್ನರನ ಮೊಗಸಾಲೆಯನ್ನು. 1990ರ ದಶಕದಲ್ಲಿ ಕೋಟೆಗಳ ದುರಸ್ತಿ ನಡೆದು ಗೋಡೆಗೆ ಬಿಳಿ ಬಳಿದಾಗ, ನಮ್ಮ ಇತಿಹಾಸಕ್ಕೇ ಸುಣ್ಣ ಹೊಡೆಯುತ್ತಿದ್ದೀರಿ ಎಂದು ಅವಳ ಕಡೆಯವರು ಸಿಟ್ಟಾದರು. ಕೋಟೆಯೊಳಗೆ ತಿಂಡಿ ತೀರ್ಥದ ವ್ಯಾಪಾರಕ್ಕೂ ತಕರಾರು ಬಂತು. ಎಡ್ವರ್ಡ್ ಬ್ರೂನರ್ ಎಂಬ ಮಾನವಶಾಸ್ತ್ರಜ್ಞರು 1996ರಲ್ಲಿ ಈ ಜಗಳದ ಬಗ್ಗೆ ಬರೆದ ಲೇಖನ ಇವತ್ತಿಗೂ ಓದುವಂತಿದೆ. ಸುಣ್ಣದ ವಿಷಯದಲ್ಲಿ ನಾನು ಊರವರ ಪರ: ಉಪ್ಪುಗಾಳಿಗೆ ಗೋಡೆ ಉಳಿಯಬೇಕಲ್ಲ. ತಿಂಡಿಯ ವಿಷಯದಲ್ಲಿ ಬಂದವರ ಪರ.

ಈ ಜಗಳಗಳ ಅಡಿಯಲ್ಲಿ ಇನ್ನೂ ಆಳದ ಒಂದು ಬಿರುಕಿದೆ. ಋಷಿಮೂಲ ನದೀಮೂಲ ಕೇಳಬಾರದು ಅಂತ ನಮ್ಮಲ್ಲಿ ಹೇಳುತ್ತಾರೆ. ಅಸಾಂತೆಯವರಲ್ಲಿ ಅದು ಗಾದೆಯಲ್ಲ, ಕಟ್ಟಳೆ: ಒಬ್ಬನ ಮೂಲವನ್ನು ಇನ್ನೊಬ್ಬ ಬಾಯಿಬಿಡಬಾರದು. ಅಲ್ಲಿ ಮುಚ್ಚಿಟ್ಟದ್ದು ಋಷಿಯ ಮೂಲವನ್ನಲ್ಲ, ಗುಲಾಮನದು. ಉತ್ತರದಿಂದ ಹಿಡಿದು ತಂದವರನ್ನು 'ಒಡೊಂಕೊ' ಎಂದು ಕರೆದು, ಕೆಲವರನ್ನು ಕಡಲತೀರಕ್ಕೆ ಮಾರಿ, ಉಳಿದವರನ್ನು ಮನೆತನಗಳ ಒಳಗೆ ಸೇರಿಸಿಕೊಂಡರು. ಅವರ ಮಕ್ಕಳು ಮೊಮ್ಮಕ್ಕಳು ಯಾರೆಂದು ಕೇಳುವಂತಿಲ್ಲ. ಕರುಣೆಯ ಕಟ್ಟಳೆಯೂ ಹೌದು, ಮರೆಮಾಚುವ ಕಟ್ಟಳೆಯೂ ಹೌದು. ಇಂಥ ನಾಡಿಗೆ, ಕೇಳುವುದೊಂದೇ ಕೆಲಸ ಇಟ್ಟುಕೊಂಡ ಜನ ವಿಮಾನ ಇಳಿಯುತ್ತಾರೆ. ನನ್ನವರು ಯಾರು? ಯಾರು ಮಾರಿದರು? ಬೀದಿಯ ಹುಡುಗರು ಅವರನ್ನು ನೋಡಿ 'ಒಬ್ರೂನಿ' ಎಂದು ಕೂಗುತ್ತಾರೆ. ಬಿಳಿಯರಿಗೂ ಪರದೇಶಿಗೂ ಅದೇ ಪದ. ಅಮೆರಿಕದ ಕಪ್ಪು ಲೇಖಕಿ ಸೈದಿಯಾ ಹಾರ್ಟ್‌ಮನ್ 2007ರಲ್ಲಿ ತಂದ 'ಲೂಸ್ ಯುವರ್ ಮದರ್' ಪುಸ್ತಕ ಈ ಪದದ ಏಟನ್ನು ಮುಚ್ಚಿಡದೆ ಬರೆಯಿತು. ಆಕೆ ನೆಂಟರನ್ನು ಹುಡುಕುವುದನ್ನು ಬಿಟ್ಟು, ಅಪರಿಚಿತರಾಗಿಯೇ ಉಳಿದವರ ಜಾಡು ಹಿಡಿದು ಒಳನಾಡಿಗೆ ಹೋದರು. ಈ ಯಾತ್ರೆಯ ಬಗ್ಗೆ ನಾನು ಓದಿದ್ದರಲ್ಲಿ ಅದಕ್ಕಿಂತ ನೇರವಾದದ್ದಿಲ್ಲ.

ಘಾನಾ ಸರ್ಕಾರ ಆರಿಸಿಕೊಂಡದ್ದು ನೆಂಟಸ್ತಿಕೆಯ ದಾರಿ. ವರ್ಜೀನಿಯಾಕ್ಕೆ 1619ರಲ್ಲಿ ಆಫ್ರಿಕನ್ನರು ಬಂದಿಳಿದು 400 ವರ್ಷವಾಯಿತೆಂದು ಆಗಿನ ಅಧ್ಯಕ್ಷ ನಾನಾ ಅಕುಫೊ ಅಡೊ 2019ನ್ನು 'ಮರಳುವ ವರ್ಷ' ಎಂದು ಸಾರಿದರು. ಆ ನವೆಂಬರಿನಲ್ಲಿ 126 ಜನಕ್ಕೆ ಪೌರತ್ವ ಸಿಕ್ಕಿತು. ಡಿಸೆಂಬರಿನಲ್ಲಿ ರಾಜಧಾನಿ ಅಕ್ರಾ ಸಂಗೀತ, ಪಾರ್ಟಿಗಳಲ್ಲಿ ಮಿಂದಿತು. ಪೌರತ್ವ ದೊಡ್ಡ ಮಾತೇ, ಅದನ್ನು ಗೇಲಿ ಮಾಡಲಾರೆ. ಆದರೆ ಮನೆಗೆ ಬನ್ನಿ ಎಂದು ಕರೆದವರು ಕೋಟೆಯ ಗೇಟಿನಲ್ಲಿ ಪರದೇಶಿಯರ ದರದ ಟಿಕೆಟ್ ಹರಿಯುತ್ತಾರೆ. ಮನೆಗೆ ಬಂದವರು ಅದನ್ನು ಮರೆಯುವುದಿಲ್ಲ.

ಸ್ಮಾರಕಗಳು ಏಳುವುದು ನೊಂದವರಿದ್ದಲ್ಲೆಲ್ಲ ಅಲ್ಲ, ವಿಮಾನದ ಟಿಕೆಟ್ ಕೊಳ್ಳಬಲ್ಲ ಮೊಮ್ಮಕ್ಕಳು ಬರುವಲ್ಲಿ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳ ಹಿರಿಯರಲ್ಲಿ ಅನೇಕರನ್ನು ಇದೇ ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವೆಗೆ ತಂದಿಳಿಸಿದರು. ಅವರನ್ನು ಮನೆಗೆ ಬನ್ನಿ ಎಂದು ಯಾವ ಅಧ್ಯಕ್ಷನೂ ಕರೆದಿಲ್ಲ.

ಘಾನಾದಲ್ಲೂ ಕಡಲತೀರದ ಕತೆ ಅರ್ಧ ಕತೆ. ಬಂದವರ ಇತಿಹಾಸ ಬಾಗಿಲಿನಿಂದ ಶುರುವಾಗುತ್ತದೆಂದು ಯಾತ್ರೆಯೂ ಅಲ್ಲಿಂದಲೇ ಶುರುವಾಗುತ್ತದೆ. ಬಾಗಿಲವರೆಗೆ ನಡೆಸಿ ತಂದದ್ದು ಯಾರು ಎಂಬುದು ಹಿಂದೆ ಉಳಿಯುತ್ತದೆ. ಅಸಿನ್ ಮಾನ್ಸೊದಲ್ಲಿ ಆ ನಡಿಗೆಯ ಒಂದು ತುಣುಕು ಸಿಗುತ್ತದೆ. ಅಲ್ಲಿನ ತೊರೆಗೆ 'ದೊಂಕೊ ನ್ಸುವೊ', ಅಂದರೆ ಗುಲಾಮರ ನೀರು ಎಂದೇ ಹೆಸರು. ವಾರಗಟ್ಟಲೆ ನಡೆದು ಬಂದವರನ್ನು ಮಾರಾಟಕ್ಕೆ ಮುಂಚೆ ಇಲ್ಲಿ ಮೀಯಿಸುತ್ತಿದ್ದರು. ಯಾತ್ರಿಕರು ಚಪ್ಪಲಿ ಕಳಚಿ ಇಳಿಯುತ್ತಾರೆ. ಒಡೊಂಕೊ ಎಂಬ ಪದ ತೊರೆಯ ಹೆಸರಿನಲ್ಲೇ ಕೂತಿದೆ, ಕಟ್ಟಳೆಗೆ ಅದನ್ನು ಮುಚ್ಚಲಾಗಿಲ್ಲ.

ಇನ್ನೂ ಉತ್ತರಕ್ಕೆ, ಬುರ್ಕಿನಾ ಫಾಸೊ ಗಡಿಯ ಪಾಗಾ ಬಳಿ, ಪಿಕ್ವೊರೊ ಎಂಬ ಬಂಡೆಗಳ ಬಯಲಿದೆ. ಹಿಡಿದವರನ್ನು ಸಂತೆಗೆ ಸಾಗಿಸುವ ಮೊದಲು ಕೂಡಿಹಾಕುತ್ತಿದ್ದ ಜಾಗ. ಅಕ್ರಾದಿಂದ ಅಲ್ಲಿಗೆ ಇಡೀ ದೇಶ ದಾಟಬೇಕು, ಹೆಚ್ಚಿನ ಪ್ರವಾಸಗಳು ಅಷ್ಟು ದೂರ ಹೋಗುವುದಿಲ್ಲ. ಕೋಟೆ ಇಲ್ಲ, ಬಾಗಿಲಿಲ್ಲ, ಬಲ್ಬಿಲ್ಲ. ಬಂಡೆಯ ಮೈಯಲ್ಲಿ ಅಂಗೈಯಗಲದ ಗುಳಿಗಳಿವೆ. ಸೆರೆಯಾದವರು ಉಣ್ಣಲು ಕಲ್ಲಿಂದ ಕಲ್ಲನ್ನು ಉಜ್ಜಿ ಉಜ್ಜಿ ಮಾಡಿಕೊಂಡ ತಟ್ಟೆಗಳು ಇವು ಎಂದು ಊರಿನ ಗೈಡ್ ತೋರಿಸುತ್ತಾನೆ. ಹಿಡಿಯಲು ಬಂದವರ ಕೈಗೆ ಸಿಗದೆ ಉಳಿದವರ ಊರು ಅವನದು.