‘ಸೂಕ್ಷ್ಮ ಜಾಗ’ ಮತ್ತು ನಮ್ಮ ಭಾವೈಕ್ಯದ ಪದ್ಯಗಳು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಎಲ್ಲೇ ಕವಿಗೋಷ್ಠಿ ನಡೆಯಲಿ, ಭಾವೈಕ್ಯದ ಪದ್ಯ ಒಂದಾದರೂ ಇದ್ದೇ ಇರುತ್ತದೆ. ಶಿಶುನಾಳ ಷರೀಫ, ಗೋವಿಂದಭಟ್ಟ, ಗುಡಿ ಪಕ್ಕ ಮಸೀದಿ, ಕೊನೆಗೆ ಎಲ್ಲರ ರಕ್ತ ಕೆಂಪು. ಚಪ್ಪಾಳೆ! ನಾವೂ ಬರೆದೀವಿ, ಚಪ್ಪಾಳೆ ತಗೊಂಡೀವಿ. ಈಗ ಆ ಪದ್ಯಗಳನ್ನು ನಾವೇ ವಿಚಾರಣೆಗೆ ನಿಲ್ಲಿಸಬೇಕಾಗಿದೆ. ಯಾಕಂದರೆ ಮಸೀದಿ, ಈದ್ಗಾಗಳ ನೆಲದ ಪ್ರಶ್ನೆ ಬಂದಾಗ ಅವಕ್ಕೆ ಬಾಯಿ ಬಿದ್ದುಹೋಗುತ್ತದೆ.

ಹುಬ್ಬಳ್ಳಿ ಈದ್ಗಾ ಮೈದಾನವನ್ನೇ ನೋಡಿ. 1921ರಲ್ಲಿ ಪುರಸಭೆ ಆ ನೆಲವನ್ನು ವರ್ಷಕ್ಕೆ ಒಂದು ರೂಪಾಯಿಯಂತೆ 999 ವರ್ಷಕ್ಕೆ ಅಂಜುಮನ್-ಎ-ಇಸ್ಲಾಂ ಸಂಸ್ಥೆಗೆ ಕೊಟ್ಟಿತು. ಮುಂದೆ ಸಂಸ್ಥೆ ಅಲ್ಲಿ ಕಟ್ಟಿಸಹೊರಟಿದ್ದು ಮಸೀದಿಯನ್ನಲ್ಲ, ಅಂಗಡಿಗಳನ್ನು. ತಕರಾರು ಕೋರ್ಟಿಗೆ ಹೋಯಿತು. ತೀರ್ಪಿಗೆ ಕಾಯುವ ತಾಳ್ಮೆ ರಾಜಕೀಯದವರಿಗೆಲ್ಲಿ? 1994ರ ಆಗಸ್ಟ್ 15ರಂದು ಧ್ವಜ ಹಾರಿಸುತ್ತೇವೆಂದು ಉಮಾಭಾರತಿ ಬಂದರು. ಕರ್ಫ್ಯೂ, ಪೊಲೀಸರ ಗುಂಡು, ಹೆಣಗಳು. 2004ರಲ್ಲಿ ಅದೇ ಪ್ರಕರಣದ ವಾರಂಟ್ ಬಂದಾಗ ಅವರು ಮಧ್ಯಪ್ರದೇಶದ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಅದಕ್ಕೂ ಯಾತ್ರೆ ನಡೆಯಿತು. ಗುಂಡಿಗೆ ಬಿದ್ದವರಿಗೆ ಬಿಡಲು ಕುರ್ಚಿ ಇರಲಿಲ್ಲ, ಜೀವ ಇತ್ತು. 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ನೆಲ ಪಾಲಿಕೆಯದು, ವರ್ಷಕ್ಕೆ ಎರಡು ಸಲ ನಮಾಜಿನ ಹಕ್ಕು ಮುಸ್ಲಿಮರದು. 2022ರಲ್ಲಿ ಅಲ್ಲೇ ಗಣೇಶನನ್ನು ಕೂಡಿಸಿದರು.

ಇದರಲ್ಲಿ ಯಾವುದು ನಮ್ಮ ಪದ್ಯದಲ್ಲಿದೆ? ಒಂದು ರೂಪಾಯಿಯ ಕರಾರು ಇಲ್ಲ. ಅಂಗಡಿ ಎದ್ದಿದ್ದರೆ ಬಾಡಿಗೆ ಯಾರಿಗೆ, ಹಮಾಲಿ ಯಾರಿಗೆ ಅನ್ನುವ ಪ್ರಶ್ನೆ ಇಲ್ಲ. ಸತ್ತವನ ಮನೆ ಇಲ್ಲ. ಪಾರಿವಾಳ ಮಾತ್ರ ಇದೆ. ಕೋರ್ಟು ಅಂಜುಮನ್‌ಗೆ ವಿರುದ್ಧ ಹೇಳಿದ್ದನ್ನು ನಾವು ಮುಚ್ಚಿಡಬೇಕಿಲ್ಲ. ಆದರೆ ಜಾಗದ ದಾವೆಯೊಂದನ್ನು ದೇಶಭಕ್ತಿಯ ಪರೀಕ್ಷೆ ಮಾಡಿದವರು ಯಾರು ಅಂತ ಕೇಳದ ಪದ್ಯ ಬಂಡಾಯದ್ದು ಹೇಗಾದೀತು?

‘ಸೂಕ್ಷ್ಮ ಜಾಗ’ ಅನ್ನುವ ಮಾತನ್ನಂತೂ ಪತ್ರಿಕೆಯವರಿಂದ ನಾವು ಹಾಗೇ ಎತ್ತಿಕೊಂಡೀವಿ. ನೆಲ ಹುಟ್ಟುತ್ತಲೇ ಸೂಕ್ಷ್ಮವಾಗಿರುತ್ತದೇನ್ರಿ? ಕೇರಿಯಿಂದ ಬಂದ ನಮಗೆ ಊರೆಲ್ಲ ಸೂಕ್ಷ್ಮ ಜಾಗವೇ ಆಗಿತ್ತು. ಗುಡಿಕಟ್ಟೆ ಸೂಕ್ಷ್ಮ, ಕೆರೆ ಸೂಕ್ಷ್ಮ, ಚಾದಂಗಡಿಯ ಬೆಂಚು ಸೂಕ್ಷ್ಮ. ನಾವು ಕಾಲಿಟ್ಟರೆ ಮಾತ್ರ ‘ಗಲಾಟೆ ಆಗ್ತದ’ ಅಂತಿದ್ದರು. ಗಲಾಟೆ ಮಾಡುವವರನ್ನು ಬಿಟ್ಟು ಕಾಲಿಟ್ಟವರನ್ನು ತಡೆಯುವ ಈ ನ್ಯಾಯ ನಮಗೆ ಹಳೇ ಪರಿಚಯ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಸತ್ತರು. ಗೊಬ್ಬರದ ಸಾಲಿಗೆ ‘ಸೂಕ್ಷ್ಮ’ ಅನ್ನುವ ಹೆಸರು ಯಾಕೆ ಬರಲಿಲ್ಲ?

ಇನ್ನು ನಮ್ಮ ನೆಚ್ಚಿನ ಪ್ರತಿಮೆಗಳು. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕನಿಗೆ ಉಡುಪಿಯಲ್ಲಿ ಕಿಂಡಿ ಸಿಕ್ಕಿತು ಅಂತ ಕತೆ. ಕಿಂಡಿಯನ್ನು ಕೊಂಡಾಡುವ ಭರದಲ್ಲಿ ಬಾಗಿಲು ಮುಚ್ಚೇ ಇತ್ತು ಅನ್ನುವುದನ್ನು ಮರೆಯುತ್ತಾರೆ. ಭಾವೈಕ್ಯದ ಪದ್ಯ ಮುಸ್ಲಿಮನಿಗೆ ಕೊಡುವುದೂ ಅಂಥದೇ ಕಿಂಡಿ. ಷರೀಫನಂಥ ಸಂತನಾದರೆ ಒಳಗೆ; ಪಂಚರ್ ಹಾಕುವವನು, ಹಣ್ಣು ಮಾರುವವನು ಹೊರಗೆ. ಷರೀಫನ ಜಿಲ್ಲೆಯಾದ ಹಾವೇರಿಯಲ್ಲಿ 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಮುಸ್ಲಿಂ ಲೇಖಕರನ್ನು ಕಡೆಗಣಿಸಿದರೆಂದು ಪ್ರತಿಭಟಿಸಿ ಬೆಂಗಳೂರಿನಲ್ಲಿ ಬೇರೆ ಜನಸಾಹಿತ್ಯ ಸಮ್ಮೇಳನವನ್ನೇ ಮಾಡಬೇಕಾಯಿತು. ಸತ್ತ ಷರೀಫನಿಗೆ ಹಾರ, ಬದುಕಿರುವ ಕವಿಗೆ ಗೇಟಿನ ಹೊರಗೆ ಜಾಗ.

ಗೆಳೆಯರೇ, ಸೌಹಾರ್ದ ಬೇಡ ಅನ್ನುವಷ್ಟು ಮೂರ್ಖರಲ್ಲ ನಾವು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಮುರಿಯುವ ಹೆಣ್ಣುಮಕ್ಕಳು ಒಂದೇ ಘಾಟಿಗೆ ಕೆಮ್ಮುತ್ತಾರೆ, ಕೆಮ್ಮಿಗೆ ಜಾತಿಯಿಲ್ಲ. ಆದರೆ ಸಂಜೆ ಮನೆಗೆ ಹೋಗಲು, ದೇವರಿಗೆ ಕೈಮುಗಿಯಲು, ಕೊನೆಗೆ ಮಣ್ಣಾಗಲು ಅವರಿಗೆ ನೆಲ ಬೇಕು. ಆ ನೆಲದ ಹಕ್ಕನ್ನು ಕೇಳದ ಪ್ರೀತಿ ಬರೀ ಪೋಸ್ಟರು. ಮುಂದಿನ ಗೋಷ್ಠಿಗೆ ಪಾರಿವಾಳ ತರಬೇಡಿ. ನಿಮ್ಮೂರಲ್ಲಿ ಯಾವ ಜಾಗ, ಯಾರಿಗೆ, ಯಾವಾಗಿನಿಂದ ‘ಸೂಕ್ಷ್ಮ’ ಆಯಿತು ಅಂತ ಕೇಳಿ ಬರೆದುಕೊಂಡು ಬನ್ನಿ. ಅದನ್ನೇ ಪದ್ಯ ಅನ್ನೋಣ.