ಮಂಜಿನ ಚಿತ್ರವೂ ಒಣಕಾಡೂ

ಆಗುಂಬೆಯ ಮಂಜಿನ ಛಾಯಾಚಿತ್ರಗಳನ್ನು ನಾವು ಮೆಚ್ಚುವುದು ಸಹಜ. ಕಡಲ ಕಡೆಯಿಂದ ಘಟ್ಟವೇರಿದ ತೇವಗಾಳಿ ತಣಿದು ಮಂಜಾಗುತ್ತದೆ. ಹತ್ತಿರದ ಮರ ಕಪ್ಪಾಗಿ, ದೂರದ್ದು ಮಾಸಿ, ಅದರಾಚೆಯದು ಬಿಳುಪಿನಲ್ಲಿ ಕರಗಿ ಚಿತ್ರಕ್ಕೆ ಆಳವೊದಗುತ್ತದೆ. ಕ್ಯಾಮರಾದ ಬೆಳಕುಮಾಪಕವು ಬಿಳಿಯ ಮಂಜನ್ನೂ ನಡುಬೂದುಬಣ್ಣವೆಂದೇ ಎಣಿಸುವುದರಿಂದ, ಅದು ಹೇಳಿದ್ದಕ್ಕಿಂತ ಸುಮಾರು ಇಮ್ಮಡಿ ಬೆಳಕನ್ನು ಬಿಡದವನ ಮಂಜು ಹೊಗೆಯಂತೆ ಕಾಣುವುದು. (ಪ್ರದರ್ಶನಗಳಲ್ಲಿ ನಾವು ಕಂಡದ್ದು ಹೆಚ್ಚಾಗಿ ಈ ಹೊಗೆಯನ್ನೇ.) ಆದರೆ ಈ ಸೊಬಗೇ ಅರಣ್ಯದ ಲಕ್ಷಣವೆಂಬುದನ್ನು ನಾವು ಒಪ್ಪಲಾರೆವು. ಆಡಕಿಯ ವಿದ್ಯಾರ್ಥಿಗೆ ಸಮೀಪದ್ದು ಚಿಂಚೋಳಿಯ ಕಾಡು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಎಲೆಯುದುರುವ ಒಣಕಾಡು. ಬೇಸಗೆಯಲ್ಲಿ ಅಲ್ಲಿ ಮರೆಮಾಡಲು ಮಂಜೂ ಇಲ್ಲ, ಎಲೆಯೂ ಇಲ್ಲ. ಕೊಂಬೆಯ ಕವಲುಕವಲೂ ಬಯಲು. ಮಂಜಿನ ಅಳತೆಗೋಲನ್ನೇ ಹಿಡಿದು ಹೋದವನು ಅದನ್ನು ಬರಡೆಂದು ಬಗೆದು ಕ್ಯಾಮರಾ ಮುಚ್ಚುತ್ತಾನೆ. ಆ ಕಾಡಿನ ರೇಖಾಸೌಂದರ್ಯವನ್ನು ಹಿಡಿದ ಚಿತ್ರ ನಮಗೆ ಇನ್ನೂ ದೊರೆತಿಲ್ಲ.